ಟೆಕ್ಸಾಸ್‌ಗೆ ಬಂದಿಳಿದವರಿಗೆ: ಬಾಗಿಲ ಮೇಲಿನ ಬೋರ್ಡು ಓದಿಕೊಳ್ಳಿ

ಡಲ್ಲಾಸ್ ಕಡೆ ಹೊಸದಾಗಿ ಬಂದವರು ಮೊದಲ ವಾರದಲ್ಲೇ ಕೇಳುತ್ತಾರೆ: "ಇಲ್ಲಿ ಎಲ್ಲರೂ ಸೊಂಟದಲ್ಲಿ ಗನ್ ಇಟ್ಕೊಂಡೇ ಓಡಾಡ್ತಾರಂತೆ, ಹೌದಾ?" ಎಲ್ಲರೂ ಅಲ್ಲ. ಆದರೆ ಬಂಕ್‌ನಲ್ಲಿ ಪಕ್ಕದವನ ಬೆಲ್ಟಿಗೆ ಪಿಸ್ತೂಲು ನೇತಾಡುವುದು ಕಂಡರೆ ಗಾಬರಿ ಬೀಳಬೇಡಿ. ನಾನು ಮೊದಲ ಸಲ ಕಂಡಾಗ ಅರ್ಧ ಟ್ಯಾಂಕಿಗೇ ನಿಲ್ಲಿಸಿ ಹೊರಟುಬಿಟ್ಟಿದ್ದೆ. ಆ ಮನುಷ್ಯ, ಪಾಪ, ಮಗಳಿಗೆ ಐಸ್‌ಕ್ರೀಮಿನ ಕವರು ಬಿಚ್ಚಿಕೊಡುತ್ತಿದ್ದ.

ಇದು ಕೌಬಾಯ್ ಕಾಲದಿಂದ ನಡೆದುಬಂದದ್ದು ಅಂದುಕೊಳ್ಳಬೇಡಿ. 1871ರಲ್ಲೇ ಟೆಕ್ಸಾಸ್ ಪಿಸ್ತೂಲು ಹೊತ್ತು ತಿರುಗುವುದನ್ನು ನಿಷೇಧಿಸಿತ್ತು. 1991ರ ಅಕ್ಟೋಬರಿನಲ್ಲಿ ಕಿಲೀನ್ ಊರಿನ ಕ್ಯಾಫೆಟೇರಿಯಾ ಒಂದಕ್ಕೆ ನುಗ್ಗಿದವನೊಬ್ಬ 23 ಜನರನ್ನು ಕೊಂದ. ಅಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಸುಸಾನಾ ಹಪ್ ಅವರ ಗನ್ ಕಾರಿನಲ್ಲೇ ಉಳಿದಿತ್ತು, ಕಾನೂನಿಗೆ ಹೆದರಿ. ಅವರು ಊರೂರು ತಿರುಗಿ ಅದನ್ನೇ ಹೇಳಿದರು, ಮುಂದೆ ಶಾಸಕಿಯೂ ಆದರು. ಗನ್ ಹೊರುವ ಬಗೆಗಿನ 1993ರ ಮಸೂದೆಗೆ ಗವರ್ನರ್ ಆ್ಯನ್ ರಿಚರ್ಡ್ಸ್ ವೀಟೊ ಹಾಕಿದರು. ಮರುವರ್ಷದ ಚುನಾವಣೆಯಲ್ಲಿ ಅವರನ್ನು ಸೋಲಿಸಿದ ಜಾರ್ಜ್ ಬುಷ್, ಗನ್ ಹೊರಲು ಅವಕಾಶ ಕೊಡುವ ಕಾನೂನಿಗೆ 1995ರಲ್ಲಿ ಸಹಿ ಹಾಕಿದರು.

ಆದರೆ ಸಿಕ್ಕಿದ್ದು ಎಷ್ಟು? ಬಟ್ಟೆಯೊಳಗೆ ಮುಚ್ಚಿಟ್ಟುಕೊಳ್ಳಬೇಕು, ತರಗತಿಗೆ ಹೋಗಬೇಕು, ಪರೀಕ್ಷೆ ಪಾಸಾಗಬೇಕು, ಬೆರಳಚ್ಚು ಕೊಡಬೇಕು. ಬೆಂಬಲಿಗರಲ್ಲೇ ಕೆಲವರು "ಸಂವಿಧಾನ ಕೊಟ್ಟ ಹಕ್ಕಿಗೆ ಲೈಸೆನ್ಸ್ ಯಾಕೆ" ಎಂದು ಗೊಣಗಿದರು. ಉಳಿದವರು ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡು ಮುಂದಿನ ಅಧಿವೇಶನಕ್ಕೆ ಕಾದರು. ಇಲ್ಲಿ ಶಾಸನಸಭೆ ಸೇರುವುದು ಎರಡು ವರ್ಷಕ್ಕೊಮ್ಮೆ, 140 ದಿನ ಮಾತ್ರ. ಅದಕ್ಕೇ ಈ ಕಾನೂನುಗಳೆಲ್ಲ ಬೆಸ ಸಂಖ್ಯೆಯ ವರ್ಷಗಳಲ್ಲೇ ಬಂದಿವೆ. 2007ರಲ್ಲಿ ಕಾರಿನೊಳಗೆ ಇಟ್ಟುಕೊಳ್ಳಲು ಲೈಸೆನ್ಸ್ ಬೇಡವಾಯಿತು. 2011ರಲ್ಲಿ ಆಫೀಸಿನ ಪಾರ್ಕಿಂಗ್‌ನಲ್ಲಿ, ಬೀಗ ಹಾಕಿದ ಕಾರಿನೊಳಗೆ ಇಡಲು ಅವಕಾಶ ಸಿಕ್ಕಿತು. 2015ರಲ್ಲಿ ಎರಡು: ಲೈಸೆನ್ಸ್ ಇದ್ದವರು ಎಲ್ಲರಿಗೂ ಕಾಣುವಂತೆ ಹೊರಬಹುದು, ಸರ್ಕಾರಿ ವಿಶ್ವವಿದ್ಯಾಲಯಗಳ ಕಟ್ಟಡದೊಳಗೂ ಮುಚ್ಚಿಟ್ಟುಕೊಂಡು ಹೋಗಬಹುದು. ಖಾಸಗಿ ವಿಶ್ವವಿದ್ಯಾಲಯಗಳಿಗೆ ಮಾತ್ರ 'ನಮಗೆ ಬೇಡ' ಎನ್ನುವ ಅವಕಾಶ ಬಿಟ್ಟರು. ಆ ರಾಜಿ ಇಲ್ಲದಿದ್ದರೆ ಮಸೂದೆ ದಡ ಸೇರುವುದು ಕಷ್ಟವಿತ್ತು.

2021ರದ್ದು ದೊಡ್ಡ ಹೆಜ್ಜೆ: 21 ವರ್ಷ ದಾಟಿದವರಿಗೆ, ಕಾನೂನಿನ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸೇ ಬೇಡ. ಸೆನೆಟ್‌ನಲ್ಲಿ ಮತ ಸಾಲದು ಎಂದು ಸೆನೆಟ್ ನಡೆಸುವ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ಅವರೇ ಏಪ್ರಿಲ್‌ನಲ್ಲಿ ಹೇಳಿದ್ದರು. ಮೇ ತಿಂಗಳಲ್ಲಿ ಪಾಸಾಯಿತು. ನಡುವೆ ಆದದ್ದು ಕೊಟ್ಟು ತೆಗೆದುಕೊಳ್ಳುವ ವ್ಯಾಪಾರ. ಗನ್ ಕಂಡಿತೆಂಬ ಒಂದೇ ಕಾರಣಕ್ಕೆ ಪೊಲೀಸರು ತಡೆದು ಪ್ರಶ್ನಿಸಬಾರದು ಎಂಬ ಸಾಲನ್ನು ಕಿತ್ತುಹಾಕಿದರು, ಅಪರಾಧಿಗಳು ಹೊತ್ತು ಸಿಕ್ಕಿಬಿದ್ದರೆ ಶಿಕ್ಷೆ ಹೆಚ್ಚಿಸಿದರು. ನನಗೆ ಈ ಕಾನೂನು ಒಪ್ಪಿಗೆಯಿಲ್ಲ, ಕನಿಷ್ಠ ಆ ತರಗತಿಯಾದರೂ ಉಳಿಯಬೇಕಿತ್ತು. ಆದರೂ ಇಪ್ಪತ್ತಾರು ವರ್ಷ ಸಾವಧಾನದಿಂದ ಕೂತವರ ತಾಳ್ಮೆ ಕಂಡು ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಕೂಟದಲ್ಲಿ ಒಂದು ಬೈಲಾ ತಿದ್ದುವಷ್ಟರಲ್ಲಿ ಮೂವರು ರಾಜೀನಾಮೆ ಕೊಟ್ಟಿರುತ್ತಾರೆ.

ಈ ರಾಜಿಗಳೆಲ್ಲ ಕಣ್ಣಿಗೆ ಕಾಣುವುದು ಅಂಗಡಿ ಬಾಗಿಲ ಗಾಜಿನ ಮೇಲೆ. ಗನ್ ಹೊರುವವರಿಗೆ ಹಕ್ಕಿರುವಂತೆ ಬೇಡವೆನ್ನಲು ಜಾಗದ ಮಾಲೀಕರಿಗೂ ಹಕ್ಕಿದೆ. ಬೋರ್ಡಿನಲ್ಲಿ 30.06 (ಇವೆಲ್ಲ ಟೆಕ್ಸಾಸ್ ದಂಡಸಂಹಿತೆಯ ಸೆಕ್ಷನ್ ಸಂಖ್ಯೆಗಳು) ಎಂದಿದ್ದರೆ ಲೈಸೆನ್ಸ್‌ದಾರರು ಮುಚ್ಚಿಟ್ಟುಕೊಂಡೂ ಬರುವಂತಿಲ್ಲ, 30.07 ಎಂದರೆ ಕಾಣುವಂತೆ ಬೇಡ, 30.05 ಲೈಸೆನ್ಸ್ ಇಲ್ಲದವರಿಗೆ. ಮೊದಲೆರಡರ ಅಕ್ಷರ ಒಂದಿಂಚಾದರೂ ಎತ್ತರ ಇರಬೇಕು, ಇಂಗ್ಲಿಷಿನ ಜೊತೆ ಸ್ಪ್ಯಾನಿಷ್‌ನಲ್ಲೂ ಇರಬೇಕು. ಹಾಗಾಗಿ ಬಾಗಿಲೇ ಒಂದು ಗೋಡೆಬರಹವಾಗಿರುತ್ತದೆ. ಕೆಂಪಗೆ 51% ಎಂದಿದ್ದರೆ ಅದು ಬಾರ್: ಆದಾಯದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕುಡಿಯುವ ಮದ್ಯದಿಂದ. ಅಲ್ಲಿ ಗನ್ ಒಯ್ಯುವಂತಿಲ್ಲ. ದೇವಸ್ಥಾನದ ಸಮಿತಿಗೆ ಸೇರಿದರೆ ನಿಮ್ಮ ಮುಂದೂ ಇದೇ ಚರ್ಚೆ ಬರುತ್ತದೆ, ಬೋರ್ಡು ಹಾಕಬೇಕೋ ಬೇಡವೋ ಎಂದು. 2019ರ ತಿದ್ದುಪಡಿಯ ನಂತರ ಆ ತೀರ್ಮಾನ ಆಯಾ ದೇವಾಲಯದ್ದೇ.

ಇನ್ನು ಮುಖ್ಯ ಮಾತು. ಮೇಲಿನ ಯಾವ ಹಕ್ಕೂ ಎಚ್-1ಬಿ (ಉದ್ಯೋಗ) ಅಥವಾ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರುವ ನಿಮಗೆ ಸಾಮಾನ್ಯವಾಗಿ ಇಲ್ಲ. ಫೆಡರಲ್ ಕಾನೂನಿನ ಪ್ರಕಾರ ನೀವು ಗನ್ನನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. "ಶನಿವಾರ ಶೂಟಿಂಗ್ ರೇಂಜಿಗೆ ಬಾ" ಎಂದು ಸಹೋದ್ಯೋಗಿ ಪ್ರೀತಿಯಿಂದಲೇ ಕರೆಯುತ್ತಾನೆ. ಅವನಿಗೆ ನಿಮ್ಮ ವೀಸಾ ಗೊತ್ತಿರುವುದಿಲ್ಲ. ಬಾಡಿಗೆಯ ಗನ್ ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ತೊಂದರೆಯೇ. ಗ್ರೀನ್ ಕಾರ್ಡ್ ಬಂದ ಮೇಲೆ ಮಾತು ಬೇರೆ. ಅನುಮಾನವಿದ್ದರೆ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.

ನಮ್ಮಲ್ಲೊಬ್ಬ ಕೊಡಗಿನ ಹುಡುಗ ಇದ್ದಾನೆ, ಎಚ್-1ಬಿ. ಊರಲ್ಲಿ ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಕೈಲ್ ಪೋಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವನು. ಹೋದ ತಿಂಗಳು ಟೀಮಿನವರ ಜೊತೆ ರೇಂಜಿಗೆ ಹೋದ. ಎಲ್ಲರೂ ಒಳಗೆ ಗುಂಡು ಹಾರಿಸುತ್ತಿದ್ದರೆ ಅವನು ಹೊರಗಿನ ಬೆಂಚಿನ ಮೇಲೆ ಕಾಫಿ ಕುಡಿಯುತ್ತಾ ಎಲ್ಲರ ಜಾಕೆಟ್ಟು ಕಾಯುತ್ತಿದ್ದ.