ಸ್ಕಾಟ್ಲೆಂಡಿನ ಉತ್ತರ ಕರಾವಳಿ: ಒಂಟಿ ಪಥದ ರಸ್ತೆಯಲ್ಲಿ ಕಾರು ಓಡಿಸುವ ಬಗೆ

ಇನ್ವರ್ನೆಸ್‌ನಿಂದ ಹೊರಟು ಅಲ್ಲಿಗೇ ಮರಳುವ ನಾರ್ತ್ ಕೋಸ್ಟ್ 500 ಮಾರ್ಗ ಸುಮಾರು 830 ಕಿ.ಮೀ. ಏಳು ದಿನವಾದರೂ ಇಟ್ಟುಕೊಳ್ಳಿ. ಮೂರೇ ದಿನದಲ್ಲಿ ಮುಗಿಸಿದರೆ ನೋಡಿದ್ದು ಬರೀ ಡಾಂಬರು.

ಪಶ್ಚಿಮ ಮತ್ತು ಉತ್ತರದಲ್ಲಿ ರಸ್ತೆ ಬಹುಪಾಲು ಒಂದೇ ವಾಹನದಷ್ಟು ಅಗಲ. ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಎಂಬ ಫಲಕವಿರುವ ಬದಿಗೆ ಅಗಲಿಸಿದ ಜಾಗಗಳಿರುತ್ತವೆ. ಎದುರಿನಿಂದ ವಾಹನ ಬಂದಾಗ ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸರಿಯಿರಿ. ಬಲಕ್ಕಿದ್ದರೆ ಅದರ ನೇರಕ್ಕೆ ರಸ್ತೆಯಲ್ಲೇ ನಿಲ್ಲಿ, ಅವರು ಒಳಗೆ ತಿರುಗಿ ಹೋಗುತ್ತಾರೆ. ಬಲಬದಿಗೆ ನೀವು ನುಗ್ಗಬೇಡಿ. ಏರು ಹತ್ತುವವರಿಗೆ ಮೊದಲ ದಾರಿ. ಹಿಂದೆ ಯಾರಾದರೂ ಅವಸರದಲ್ಲಿದ್ದರೂ ಇಲ್ಲೇ ಬಿಟ್ಟುಕೊಡಿ. ಫೋಟೋಗೆಂದು ಇಲ್ಲಿ ಕಾರು ನಿಲ್ಲಿಸುವುದು ಮಾತ್ರ ಶುದ್ಧ ಅವಿವೇಕ, ಆಂಬುಲೆನ್ಸೂ ಸಿಕ್ಕಿಕೊಳ್ಳುತ್ತದೆ. ಹುಲ್ಲಂಚಿಗೂ ಚಕ್ರ ಇಳಿಸಬೇಡಿ: ಕೆಳಗೆ ಮೆತ್ತನೆ ಜೌಗುಮಣ್ಣು, ಡಾಂಬರಿನ ಚೂಪು ಅಂಚಿಗೆ ಟೈರಿನ ಪಕ್ಕ ಸೀಳುತ್ತದೆ.

ಆ್ಯಪಲ್‌ಕ್ರಾಸ್‌ಗೆ ಹೋಗುವ ಬೇಲಾಖ್ ನ ಬಾ ಘಾಟಿ 626 ಮೀಟರ್ ಎತ್ತರ, ಕೆಲವೆಡೆ ಶೇ 20ರಷ್ಟು ಕಡಿದು. ಇಳಿಯುವಾಗ ಮೊದಲ ಅಥವಾ ಎರಡನೇ ಗೇರ್. ಬ್ರೇಕನ್ನೇ ಒತ್ತುತ್ತಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ದೊಡ್ಡ ಮೋಟರ್‌ಹೋಮ್ ಇದ್ದರೆ ಶೀಲ್ಡೇಗ್ ಕಡೆಯ ಕರಾವಳಿ ರಸ್ತೆ ಹಿಡಿಯಿರಿ.

ಟ್ಯಾಂಕ್ ಅರ್ಧಕ್ಕಿಳಿದರೆ ಸಿಕ್ಕಿದ ಬಂಕಿನಲ್ಲೇ ತುಂಬಿಸಿ. ಮುಸ್ಸಂಜೆ ಜಿಂಕೆಗಳು ಅಡ್ಡ ಬರುತ್ತವೆ, ಒಂದರ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಗಾಳಿ ನಿಂತ ಸಂಜೆ ಮಿಜ್ ಎಂಬ ಕಚ್ಚುವ ಪುಟ್ಟ ನೊಣಗಳು ಮುತ್ತುತ್ತವೆ; ತಲೆಗೆ ಬಲೆ ಇರಲಿ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಕೊಡುವ ಬಯಲಿನಲ್ಲಿ ತಂಗುವ ಹಕ್ಕು ಟೆಂಟಿಗೆ ಮಾತ್ರ, ವಾಹನಕ್ಕಲ್ಲ.