ಬಂಡಿಯ ಮೇಲೆಯೇ ತಕ್ಕಡಿ: ಅದಿರಿನ ವ್ಯಾಗನ್ನಿಗೆ ಲೋಡ್ ಸೆಲ್ ಕೂರಿಸಿದ ನನ್ನ ಅನುಭವ

ಓಡುವ ವ್ಯಾಗನ್ನಿನ ಮೇಲೆ ತಕ್ಕಡಿ ಬಾಳುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಕಾರ್ಖಾನೆಯ ಇನ್‌ಸ್ಟ್ರುಮೆಂಟೇಷನ್ ವಿಭಾಗದ ಹಿರಿಯರು ಹೇಳಿದರು, ಲೋಡ್ ಸೆಲ್ (ಮೇಲೆ ಬಿದ್ದ ಭಾರವನ್ನು ವಿದ್ಯುತ್ ಸಂಕೇತವಾಗಿ ತಿಳಿಸುವ ಉಕ್ಕಿನ ತುಂಡು) ಮಾರುವವರೇ ಹೇಳಿದರು. ಹೊಸಪೇಟೆಯಲ್ಲಿ ಹಾಪರ್, ಅಂದರೆ ಅದಿರು ತುಂಬುವ ತೊಟ್ಟಿ, ಕಟ್ಟಿಕೊಟ್ಟ ಮೇಸ್ತ್ರಿಯಂತೂ, "ಸರ್, ನಾಲ್ಕು ದಿನ ಶಂಟಿಂಗ್ ಆಗಲಿ, ವ್ಯಾಗನ್‌ಗಳು ಒಂದಕ್ಕೊಂದು ಗುದ್ದಲಿ, ಆಮೇಲೆ ನಿಮ್ಮ ಸೆಲ್ಲುಗಳನ್ನು ಹಳಿಯ ಪಕ್ಕದಲ್ಲಿ ಹೆಕ್ಕಿಕೊಳ್ಳಬೇಕಾಗುತ್ತದೆ" ಎಂದು ನಕ್ಕಿದ್ದರು. ಈಗ ಎಂಟು ವ್ಯಾಗನ್‌ಗಳು ಎರಡು ಮಳೆಗಾಲ, ಎರಡು ಬೇಸಿಗೆ ದಾಟಿ ತೂಗುತ್ತಿವೆ. ಅದೇ ಮೇಸ್ತ್ರಿ ಈಚೆಗೆ ತಮ್ಮ ಇನ್ನೊಬ್ಬ ಗಿರಾಕಿಯನ್ನು ಕರೆತಂದು ಇದನ್ನೆಲ್ಲ ತೋರಿಸಿ ಹೋದರು. ಆದ್ದರಿಂದ ಬರೆಯುವ ಧೈರ್ಯ ಬಂದಿದೆ.

ಇವು ರೈಲ್ವೆಯ ವ್ಯಾಗನ್‌ಗಳಲ್ಲ. ಕಾರ್ಖಾನೆಯ ಸೈಡಿಂಗ್ ಹಳಿಗೆ ಬರುವ ರೈಲ್ವೆಯ ಬಾಕ್ಸ್‌ಎನ್ ವ್ಯಾಗನ್‌ಗಳ ರೇಕಿಗೆ ನಾವು ಒಂದು ಬೋಲ್ಟ್ ಹಾಕುವಂತಿಲ್ಲ. ಅದರ ವಿನ್ಯಾಸ ಬದಲಾಗಬೇಕಾದರೆ ರೈಲ್ವೆಯ ವಿನ್ಯಾಸ ಸಂಸ್ಥೆಯಾದ ಲಖನೌದ ಆರ್‌ಡಿಎಸ್‌ಒ ಒಪ್ಪಬೇಕು. ನಮ್ಮವು ಕಾರ್ಖಾನೆಯ ಗೇಟು ದಾಟದ ವ್ಯಾಗನ್‌ಗಳು. ಸ್ಟಾಕ್‌ಯಾರ್ಡಿನ ಬಂಕರಿನಿಂದ (ಅದಿರು ಕೂಡಿಡುವ ದೊಡ್ಡ ತೊಟ್ಟಿ) ಕಬ್ಬಿಣ ಕರಗಿಸುವ ಫರ್ನೇಸಿನ ಕಡೆಗೆ ಎರಡೂವರೆ ಕಿಲೋಮೀಟರ್ ಓಡುತ್ತವೆ, ಅಷ್ಟೇ. ಹಳೆಯ ಬಿಆರ್‌ಎನ್ ಫ್ಲಾಟ್‌ಗಳ (ಚಪ್ಪಟೆ ವ್ಯಾಗನ್‌ಗಳ) ಅಂಡರ್‌ಫ್ರೇಮಿನ, ಅಂದರೆ ತಳದ ಚೌಕಟ್ಟಿನ, ಮೇಲೆ ಹೊಸ ಹಾಪರ್ ಕೂರಿಸಿದ್ದು. ಹಾಪರ್ ಸುಮಾರು ಒಂಬತ್ತು ಟನ್, ಅದರೊಳಗೆ ಅದಿರು ನಲವತ್ತೈದು ಟನ್.

ತೂಕ ಯಾಕೆ ಬೇಕಾಯಿತು ಎಂದು ಬಳ್ಳಾರಿ ಕಡೆಯವರಿಗೆ ವಿವರಿಸಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರುವಾದಾಗ ಗಣಿಗಳಿಗೆ ಮಿತಿ ಬಂತು, ಅದಿರು ಇ-ಹರಾಜಿಗೆ ಹೋಯಿತು. ಅಲ್ಲಿಂದೀಚೆಗೆ ಇಲ್ಲಿ ಟನ್ನಿನ ಲೆಕ್ಕ ಕೇಳುವವರು ಹೆಚ್ಚು. ಗೇಟಿನಲ್ಲಿ ಲಾರಿ ತೂಗುತ್ತೇವೆ, ಫರ್ನೇಸಿನ ಬಳಿ ತೂಕದ ಹಾಪರ್ ಇದೆ. ನಡುವಿನ ಎರಡೂವರೆ ಕಿಲೋಮೀಟರಿನಲ್ಲಿ ತಿಂಗಳ ಕೊನೆಗೆ ನೂರಾರು ಟನ್ ಕಾಣೆಯಾಗುತ್ತಿತ್ತು. ಅದು ಕಳ್ಳತನವಲ್ಲ, ಅಂದಾಜು. ಬಂಕರ್ ಆಪರೇಟರ್ ಕಣ್ಣಳತೆಯಲ್ಲಿ ತುಂಬುತ್ತಿದ್ದ, ಹೆಚ್ಚಾದೀತೆಂಬ ಹೆದರಿಕೆಗೆ ನಾಲ್ಕೈದು ಟನ್ ಕಡಿಮೆಯೇ ತುಂಬುತ್ತಿದ್ದ. ಚಲಿಸುತ್ತಿರುವಾಗಲೇ ತೂಗುವ ರೈಲು ವೇಬ್ರಿಡ್ಜಿಗೆ ಸಿವಿಲ್ ಕೆಲಸವೂ ಸೇರಿ ಮೂವತ್ತು ಲಕ್ಷದ ಆಸುಪಾಸು ಬೆಲೆ ಬಂತು. ಅದನ್ನು ಕೂರಿಸಲು ಬೇಕಾದಷ್ಟು ನೇರವಾದ, ಸಮತಟ್ಟಾದ ಹಳಿಯೂ ನಮ್ಮಲ್ಲಿ ಇರಲಿಲ್ಲ.

ವ್ಯಾಗನ್ನಿನಲ್ಲೇ ತಕ್ಕಡಿ ಇಡುವುದು ನಾನು ಕಂಡುಹಿಡಿದದ್ದೇನೂ ಅಲ್ಲ. ಬ್ಲಾಸ್ಟ್ ಫರ್ನೇಸಿನಲ್ಲಿ ದುಡಿದ ಹಳಬರಿಗೆ ಸ್ಕೇಲ್ ಕಾರ್ ಗೊತ್ತು. ಬಂಕರುಗಳ ಕೆಳಗೆ ಹಳಿಯ ಮೇಲೆ ಓಡಾಡಿ, ಒಂದೊಂದರಿಂದ ಅದಿರನ್ನೂ ಸುಣ್ಣದಕಲ್ಲನ್ನೂ ತನ್ನೊಳಗೇ ತೂಗಿಕೊಂಡು ಫರ್ನೇಸಿನ ಮೇಲಕ್ಕೆ ಏರುವ ಸ್ಕಿಪ್ ತೊಟ್ಟಿಗೆ ಸುರಿಯುತ್ತಿದ್ದ ವಿದ್ಯುತ್ ಬಂಡಿ ಅದು. ಸನ್ನೆಕೋಲಿನ ತಕ್ಕಡಿ, ಡಯಲ್ ಮುಂದೆ ಒಬ್ಬ ಆಪರೇಟರ್. ಕನ್ವೇಯರ್ ಬಂದ ಮೇಲೆ ಹೊಸ ಫರ್ನೇಸುಗಳಲ್ಲಿ ಅದು ಇಲ್ಲವಾಯಿತು. ಆದರೆ ಅದನ್ನು ಇನ್ನೊಂದು ವ್ಯಾಗನ್ ಬಂದು ಗುದ್ದುತ್ತಿರಲಿಲ್ಲ. ನಮ್ಮವನ್ನು ಗುದ್ದುತ್ತದೆ, ದಿನವಿಡೀ.

ಮೊದಲು ಹಿಡಿದದ್ದು ಅಗ್ಗದ ದಾರಿ: ಸ್ಪ್ರಿಂಗ್ ಎಷ್ಟು ಕುಗ್ಗಿತು ಎಂದು ಅಳೆಯುವುದು. ಬೋಗಿಯ, ಅಂದರೆ ಚಕ್ರಗಳನ್ನು ಹಿಡಿದ ಚೌಕಟ್ಟಿನ, ನಡುತೊಲೆಯಾದ ಬೋಲ್‌ಸ್ಟರಿನಿಂದ ಅದರ ಪಕ್ಕದ ಸೈಡ್‌ಫ್ರೇಮಿಗೆ ತಂತಿ ಎಳೆಯುವ ಸೆನ್ಸರ್ ಹಾಕಿದೆವು, ಒಂದಕ್ಕೆ ಆರೇಳು ಸಾವಿರ. ನಮ್ಮ ವ್ಯಾಗನ್‌ಗಳಲ್ಲಿರುವಂಥ ಕ್ಯಾಸ್‌ನಬ್ ಬೋಗಿ ಬಿಚ್ಚಿದವರಿಗೆ ಮುಂದಿನದು ಗೊತ್ತೇ ಇದೆ. ಕುಲುಕಾಟ ತಡೆಯಲು ಅದರಲ್ಲಿ ಘರ್ಷಣೆಯ ಬೆಣೆಗಳಿವೆ. ಅವು ತುಕ್ಕು ಹಿಡಿದ ಚಿಲಕದ ಹಾಗೆ: ಗುದ್ದಿದರೆ ಸರಿಯುತ್ತವೆ, ಇಲ್ಲದಿದ್ದರೆ ಇಲ್ಲ. ತುಂಬಿದ ಕೂಡಲೇ ಒಂದು ತೂಕ, ಎಂಜಿನ್ ಬಂದು ಕೂಡಿಕೊಂಡ ಮೇಲೆ ಇನ್ನೊಂದು ತೂಕ. ವ್ಯತ್ಯಾಸ ಎರಡರಿಂದ ಮೂರು ಟನ್. ಬೋಲ್‌ಸ್ಟರಿಗೆ ಸುತ್ತಿಗೆಯಿಂದ ಬಡಿದು ನೋಡಿದೆವು, ತೂಕ ಬದಲಾಯಿತು. ಇನ್ನೊಮ್ಮೆ ಬಡಿದರೆ ಮತ್ತೂ ಬದಲಾಯಿತು. ಪ್ರತಿ ಸಲ ತೂಗುವ ಮುಂಚೆ ಬಡಿಯಲು ಒಬ್ಬನನ್ನು ನೇಮಿಸಿದರೆ ಆದೀತು ಎಂದು ಶಿಫ್ಟ್ ಇನ್‌ಚಾರ್ಜ್ ಗಂಭೀರವಾಗಿಯೇ ಸೂಚಿಸಿದರು.

ಆಮೇಲೆ ಸೈಡ್‌ಫ್ರೇಮಿಗೇ ಸ್ಟ್ರೈನ್ ಗೇಜ್ (ಲೋಹ ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯುವ ತೆಳು ಪಟ್ಟಿ) ಅಂಟಿಸಿದೆವು. ಬೆಳಿಗ್ಗೆ ಚೆನ್ನಾಗಿತ್ತು. ಮಧ್ಯಾಹ್ನ ಪಶ್ಚಿಮದ ಮಗ್ಗುಲಿಗೆ ಬಿಸಿಲು ತಾಗಿದ ಮೇಲೆ ಖಾಲಿ ವ್ಯಾಗನ್ ತಾನಾಗಿ ಭಾರವಾಗುತ್ತಾ ಹೋಯಿತು, ಬ್ರೇಕ್ ಹಿಡಿದಾಗ ಇನ್ನಷ್ಟು. ಗೇಜು, ಆಂಪ್ಲಿಫೈಯರ್, ಅಂಟಿಸಲು ಬೆಂಗಳೂರಿನಿಂದ ಬಂದವರ ಕೂಲಿ ಎಲ್ಲ ಸೇರಿ ಎಂಬತ್ತು ಸಾವಿರದಷ್ಟು ಹೋಯಿತು. ಹಾಪರನ್ನು ನಾಲ್ಕು ಹೈಡ್ರಾಲಿಕ್ ಜಾಕಿನ ಮೇಲೆ ಎತ್ತಿ ಎಣ್ಣೆಯ ಒತ್ತಡ ಓದುವ ಉಪಾಯವನ್ನೂ ಒಂದು ವ್ಯಾಗನ್ನಿನಲ್ಲಿ ಮಾಡಿದೆ. ಸೀಲಿನ ಬಿಗಿತವೇ ಅರ್ಧ ಟನ್ ತಿನ್ನುತ್ತಿತ್ತು. ಆ ಜಾಕುಗಳು ಈಗ ವರ್ಕ್‌ಶಾಪಿನಲ್ಲಿ ಬೇರೆ ಕೆಲಸಕ್ಕೆ ಬಳಕೆಯಾಗುತ್ತಿವೆ, ಆದ್ದರಿಂದ ಆ ದುಡ್ಡನ್ನು ನಾನು ನಷ್ಟದ ಲೆಕ್ಕಕ್ಕೆ ಹಿಡಿದಿಲ್ಲ.

ಬೋಗಿಯನ್ನು ತೂಗುವ ಹಟ ಬಿಟ್ಟ ಮೇಲೆ ದಾರಿ ತೆರೆಯಿತು. ತೂಗಬೇಕಾದದ್ದು ಹಾಪರನ್ನು. ಅಂಡರ್‌ಫ್ರೇಮಿಗೂ ಹಾಪರಿಗೂ ನಡುವೆ ನಾಲ್ಕು ಮೂಲೆಗೆ ನಾಲ್ಕು ಸೆಲ್. ಉಳಿದಂತೆ ಎರಡರ ನಡುವೆ ಮೇಲೆ ಕೆಳಗೆ ಭಾರ ಹೊರುವ ಯಾವ ಸಂಬಂಧವೂ ಇರಬಾರದು. ಹೇಳಲು ಇಷ್ಟೇ, ಮಾಡಲು ಒಂದು ವರ್ಷದ ಕೆಲಸ.

ಸೆಲ್ಲುಗಳು ಮೂವತ್ತು ಟನ್ನಿನವು. ಲೆಕ್ಕಕ್ಕೆ ಮೂಲೆಗೆ ಹದಿಮೂರೂವರೆ ಟನ್ ಬೀಳುವುದರಿಂದ ಇಪ್ಪತ್ತು ಟನ್ನಿನದು ಸಾಕೆಂದು ಮಾರುವವರು ವಾದಿಸಿದರು. ಅದಿರು ಒಂದೇ ಮೂಲೆಗೆ ಸುರಿಯುವುದನ್ನು ಅವರು ನೋಡಿಲ್ಲ. ದೊಡ್ಡ ಸೆಲ್ ಹಾಕಿದರೆ ಸೂಕ್ಷ್ಮತೆ ಹೋಗುತ್ತದೆ ನಿಜ. ತೂಕದ ಅಂಕಿ ತೋರಿಸುವ ಇಂಡಿಕೇಟರನ್ನು ಐವತ್ತು ಕಿಲೋದ ಹೆಜ್ಜೆಗೆ ಇಟ್ಟಿದ್ದೇನೆ. ನಲವತ್ತೈದು ಟನ್ನಿನಲ್ಲಿ ಐವತ್ತು ಕಿಲೋ ನೋಡಿ ಯಾರು ಏನು ಮಾಡುತ್ತಾರೆ?

ಶಂಟಿಂಗಿನ ಗುದ್ದು ಸೆಲ್ಲಿಗೆ ತಾಗಬಾರದು. ಅದನ್ನು ಹೊರಲು ಹಾಪರಿನ ಎರಡೂ ತುದಿಗೆ ದಪ್ಪ ಪ್ಲೇಟಿನ ತಡೆಗಳಿವೆ, ಅವುಗಳ ಮುಖಕ್ಕೆ ರಬ್ಬರ್. ಮೇಲೆ ಹಾರದಂತೆ ಮೂಲೆಗೊಂದು ಬೋಲ್ಟ್, ಅಲ್ಲಾಡದಂತೆ ಹಾಪರನ್ನು ಅಂಡರ್‌ಫ್ರೇಮಿಗೆ ಹಿಡಿದಿಡುವ ಸ್ಟೇ ರಾಡ್. ತಡೆಗೂ ಹಾಪರಿಗೂ ನಡುವೆ ಎಷ್ಟು ಗ್ಯಾಪ್ ಬಿಡಬೇಕು, ರಬ್ಬರ್ ಯಾವ ಗಡಸುತನದ್ದು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಆ ಎರಡು ಅಂಕಿಗಳಿಗೆ ನಾನು ತೆತ್ತ ದುಡ್ಡನ್ನು ನನಗೆ ಯಾರೂ ಕೊಟ್ಟಿಲ್ಲ.

ಸ್ಟೇ ರಾಡಿನ ವಿಷಯ ಮಾತ್ರ ಬಿಚ್ಚಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಸೋಲುವುದು ಇಲ್ಲಿ. ನಮ್ಮ ಹಾಪರ್ ಆರು ಮೀಟರ್ ಉದ್ದ. ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ ಉಕ್ಕು ಮೂವತ್ತು ಡಿಗ್ರಿ ಏರಿದರೆ ಅದು ಸುಮಾರು ಎರಡು ಮಿಲಿಮೀಟರ್ ಹಿಗ್ಗುತ್ತದೆ. ಎರಡೂ ತುದಿಗೆ ರಾಡ್ ಬಿಗಿದರೆ ಆ ಎರಡು ಮಿಲಿಮೀಟರಿಗೆ ಹೋಗಲು ಜಾಗವಿಲ್ಲ. ಹಾಪರ್ ಸೆಲ್ಲುಗಳನ್ನು ಓರೆಯಾಗಿ ತಳ್ಳುತ್ತದೆ, ತೂಕ ಗಂಟೆಗೊಂದು ಹೇಳುತ್ತದೆ. ಉದ್ದಕ್ಕೆ ಒಂದೇ ತುದಿಯಲ್ಲಿ ಹಿಡಿಯಬೇಕು, ಇನ್ನೊಂದು ತುದಿ ಬಿಡುವಾಗಿರಬೇಕು. ರಾಡು ಕಟ್ಟುನಿಟ್ಟಾಗಿ ಸಮತಲವಾಗಿಯೂ ಇರಬೇಕು. ಹಳಿಯ ಇಳಿಜಾರಿಗೆ ತೂಕ ಕೆಡುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ನೂರಕ್ಕೆ ಒಂದರ ಇಳಿಜಾರಿನಲ್ಲಿ ನಲವತ್ತೈದು ಟನ್ನಿಗೆ ಕಡಿಮೆಯಾಗುವುದು ಎರಡು ಚಿಲ್ಲರೆ ಕಿಲೋ. ರಾಡು ಒಂದು ಡಿಗ್ರಿ ಓರೆಯಾಗಿದ್ದರೆ ಅದೇ ಇಳಿಜಾರಿನಲ್ಲಿ ಹತ್ತು ಕಿಲೋ ಹೋಗುತ್ತದೆ. ಓರೆ ರಾಡಿನ ನಟ್ಟನ್ನು ಯಾರಾದರೂ ಉತ್ಸಾಹದಿಂದ ಬಿಗಿದರೆ ನೂರಾರು ಕಿಲೋ. ನಟ್ಟನ್ನು ಕೈಯಲ್ಲಿ ಕೂರಿಸಿ, ಲಾಕ್‌ನಟ್ಟಿಗೆ ಮಾತ್ರ ಸ್ಪ್ಯಾನರ್ ಹಾಕುವುದು ನಮ್ಮ ನಿಯಮ. ಈಗ ಅವಕ್ಕೆ ಹಳದಿ ಬಣ್ಣ ಬಳಿದಿದ್ದೇವೆ. ಹಳದಿ ಮುಟ್ಟಿದವನಿಗೆ ಆ ದಿನ ಚಹಾ ಇಲ್ಲ.

ಸೆಲ್ಲುಗಳನ್ನು ಗುದ್ದು ಕೊಲ್ಲಲಿಲ್ಲ, ವೆಲ್ಡಿಂಗ್ ಕೊಂದಿತು. ರಾತ್ರಿ ಪಾಳಿಯಲ್ಲಿ ಹಾಪರಿನ ಬಾಗಿಲಿನ ಕೀಲು ಬಿಟ್ಟಿತ್ತು. ವೆಲ್ಡರ್ ಬಂದು ಅರ್ಥಿಂಗ್ ಕ್ಲಾಂಪನ್ನು ಅಭ್ಯಾಸದಂತೆ ಹಳಿಗೆ ಕಚ್ಚಿಸಿ ಕೆಲಸ ಮುಗಿಸಿದ. ಕರೆಂಟು ಹಾಪರಿನಿಂದ ಹಳಿಗೆ ಹೋಗಲು ಹಿಡಿದ ದಾರಿ ನನ್ನ ಸೆಲ್ಲುಗಳದು. ಬೆಳಿಗ್ಗೆ ಇಂಡಿಕೇಟರಿನಲ್ಲಿ ಅಂಕಿಯೇ ಇರಲಿಲ್ಲ. ಮೂರು ಸೆಲ್ ಹೋಗಿದ್ದವು, ಒಂದೊಂದೂ ಹದಿನೆಂಟು ಸಾವಿರದ್ದು. ಅಂದಿನಿಂದ ಪ್ರತಿ ಸೆಲ್ಲಿನ ಪಕ್ಕ ಬೆರಳು ದಪ್ಪದ ಹೆಣೆದ ತಾಮ್ರದ ಪಟ್ಟಿ ಹಾಪರಿಗೂ ಅಂಡರ್‌ಫ್ರೇಮಿಗೂ ಸಡಿಲವಾಗಿ ಜೋಲುತ್ತದೆ. ಬಿಗಿಯಾಗಿ ಕಟ್ಟಿದರೆ ಅದೂ ಭಾರ ಹೊರುತ್ತದೆ. ಆ ತಾಮ್ರವನ್ನು ಯಾರೋ ಎರಡು ಸಲ ಬಿಚ್ಚಿಕೊಂಡು ಹೋದರು. ಈಗ ಅದಕ್ಕೆ ಟಾರ್ ಬಳಿದು ಕರಿ ಹಗ್ಗದಂತೆ ಕಾಣುವ ಹಾಗೆ ಮಾಡಿದ್ದೇವೆ.

ಇನ್ನು ಧೂಳು. ಸಂಡೂರಿನ ಅದಿರಿನ ಪುಡಿ ಎಷ್ಟು ನುಣುಪು ಎಂದು ಬಿಳಿ ಅಂಗಿ ಹಾಕಿದವರಿಗೆ ಗೊತ್ತು. ಅದು ಗ್ಯಾಪಿನಲ್ಲಿ ಕೂತು, ಮಳೆಗೆ ನೆನೆದು, ಬಿಸಿಲಿಗೆ ಗಟ್ಟಿಯಾದರೆ ಹಾಪರ್ ಸೆಲ್ಲಿನ ಬದಲು ಆ ಗಡ್ಡೆಯ ಮೇಲೆ ಕೂರುತ್ತದೆ. ತೂಕ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಸುತ್ತಲೂ ಹಳೆಯ ಕನ್ವೇಯರ್ ಬೆಲ್ಟಿನ ಲಂಗ ಕಟ್ಟಿದೆವು. ಆ ಬೆಲ್ಟು ಎರಡೂ ಕಡೆ ತಾಗಿ ತಾನೇ ಭಾರ ಹೊತ್ತಿತು. ಈಗ ಬೆಲ್ಟ್ ಹಾಪರಿಗೆ ಮಾತ್ರ ಕಟ್ಟಿದೆ, ಕೆಳಗೆ ಯಾವುದಕ್ಕೂ ತಾಗುವುದಿಲ್ಲ. ವಾರಕ್ಕೊಮ್ಮೆ ಗಾಳಿಯ ಹೋಸ್ ಹಿಡಿಯುತ್ತೇವೆ. ಸೆಲ್ಲುಗಳ ತಂತಿ ಕೂಡುವ ಜಂಕ್ಷನ್ ಬಾಕ್ಸಿನ ಮೇಲೆ ಐಪಿ67 (ಧೂಳು, ನೀರು ನುಗ್ಗದ ದರ್ಜೆ) ಎಂದು ಬರೆದದ್ದನ್ನು ನಂಬಬೇಡಿ. ಕೇಬಲ್ ಒಳಹೋಗುವ ಗ್ಲ್ಯಾಂಡ್ ಕೆಳಮುಖವಾಗಿರಲಿ, ಸಿಲಿಕಾ ಜೆಲ್ ಚೀಲ ಒಳಗಿರಲಿ.

ವಿದ್ಯುತ್ತಿಗೆ ಕಾರಿನ ಬ್ಯಾಟರಿ, ಒಂದು ಸೋಲಾರ್ ಫಲಕ. ಫಲಕವನ್ನು ಮೇಲೆ ಮಲಗಿಸಿದ್ದಾಗ ಎರಡು ದಿನಕ್ಕೆ ಕೆಂಪಾಯಿತು. ಹಾಪರಿನ ಮಗ್ಗುಲಿಗೆ ನೆಟ್ಟಗೆ ನಿಲ್ಲಿಸಿದ ಮೇಲೆ ಅರ್ಧ ಬಿಸಿಲು ಸಿಕ್ಕರೂ ಧೂಳು ನಿಲ್ಲುವುದಿಲ್ಲ, ಅಷ್ಟು ಸಾಕಾಗುತ್ತದೆ. ನಾಲ್ಕು ಸೆಲ್ಲಿಗೆ ಬೇಕಾಗುವುದು ನೂರು ಮಿಲಿಆಂಪಿಯರಿಗಿಂತ ಸ್ವಲ್ಪ ಹೆಚ್ಚು, ಅದೂ ವ್ಯಾಗನ್ ನಿಂತಾಗ ಮಾತ್ರ. ಓಡುವಾಗಲೂ ತೂಗಬಹುದೇ ಎಂದು ಒಂದು ತಿಂಗಳು ಆಟವಾಡಿದೆ. ಅಂಕಿ ಮೂರ್ನಾಲ್ಕು ಟನ್ ಮೇಲೆ ಕೆಳಗೆ ಕುಣಿಯುತ್ತದೆ. ಸರಾಸರಿ ತೆಗೆದರೆ ನಿಧಾನ ವೇಗದಲ್ಲಿ ಟನ್ನಿನೊಳಗೆ ಬರುತ್ತದೆ, ಹಳಿಯ ಜೋಡಣೆ ಎಲ್ಲೆಲ್ಲಿ ಕೆಟ್ಟಿದೆ ಎಂದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಆ ಪಟ್ಟಿಯನ್ನು ಹಳಿ ನೋಡುವ ಗ್ಯಾಂಗಿಗೆ ಕೊಟ್ಟೆ. ಅವರಿಗೆ ಸಂತೋಷವೇನೂ ಆಗಲಿಲ್ಲ.

ತೂಕ ಹೊಂದಿಸಲು ನಲವತ್ತೈದು ಟನ್ ಪರೀಕ್ಷಾ ತೂಕ ಯಾರ ಬಳಿಯೂ ಇರುವುದಿಲ್ಲ. ನಾವು ಬಾಡಿಗೆಗೆ ತಂದದ್ದು ಒಂದೊಂದು ಟನ್ನಿನ ಐದು ಬ್ಲಾಕ್. ಅವನ್ನು ಇಟ್ಟು ಅಂಕಿ ಬರೆದುಕೊಂಡು, ಇಳಿಸಿ, ಅದೇ ಅಂಕಿ ಬರುವವರೆಗೆ ಅದಿರು ತುಂಬಿ, ಮೇಲೆ ಮತ್ತೆ ಬ್ಲಾಕ್ ಇಡುತ್ತಾ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆವು. ಒಂದು ವ್ಯಾಗನ್ನಿಗೆ ಒಂದು ದಿನ ಪೂರ್ತಿ, ಕ್ರೇನ್ ಬಾಡಿಗೆ ಬೇರೆ. ಲಾರಿ ವೇಬ್ರಿಡ್ಜಿನಲ್ಲಿ ತೂಗಿದ ಅದಿರನ್ನು ಸುರಿದು ತಾಳೆ ನೋಡಿದಾಗ ನೂರೈವತ್ತು ಕಿಲೋದೊಳಗೆ ಬಂತು. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ನಮ್ಮದು ಒಳಗಿನ ಲೆಕ್ಕಕ್ಕೆ, ಇದರ ಮೇಲೆ ಯಾರಿಗೂ ಬಿಲ್ ಮಾಡುವುದಿಲ್ಲ.

ನಾನು ನಿರೀಕ್ಷಿಸದ ಲಾಭ ಬಂದದ್ದು ಖಾಲಿ ತೂಕದಿಂದ. ಮಳೆಗಾಲದಲ್ಲಿ ಬಾಗಿಲು ತೆರೆದು ಸುರಿದ ಮೇಲೂ ಇಂಡಿಕೇಟರ್ ಒಂದು, ಒಂದೂವರೆ ಟನ್ ತೋರಿಸುತ್ತಿತ್ತು. ತಕ್ಕಡಿ ಕೆಟ್ಟಿದೆ ಎಂದು ಫೋನು ಬಂತು. ಹತ್ತಿ ನೋಡಿದರೆ ಹಾಪರಿನ ಮೂಲೆಗಳಲ್ಲಿ ಒದ್ದೆ ಪುಡಿ ಮೊಣಕಾಲೆತ್ತರ ಅಂಟಿಕೊಂಡಿದೆ. ಪ್ರತಿ ಟ್ರಿಪ್ಪಿಗೂ ಅದು ಫರ್ನೇಸಿನವರೆಗೆ ಹೋಗಿ ವಾಪಸು ಬರುತ್ತಿತ್ತು, ಲೆಕ್ಕದಲ್ಲಿ ಮಾತ್ರ ಸುರಿಯಲಾಗುತ್ತಿತ್ತು. ತಿಂಗಳ ಕೊನೆಯ ನೂರಾರು ಟನ್ನಿನಲ್ಲಿ ಒಂದು ದೊಡ್ಡ ಪಾಲು ಇದೇ. ಕಾಣೆಯಾದ ಅದಿರು ವ್ಯಾಗನ್ನಿನಲ್ಲೇ ಸವಾರಿ ಮಾಡುತ್ತಿತ್ತು. ಈಗ ತುಂಬಿದ ತೂಕದಿಂದ ಸುರಿದ ಮೇಲಿನ ತೂಕ ಕಳೆಯುತ್ತೇವೆ, ಅರ್ಧ ಟನ್ ಮೀರಿದರೆ ಆಪರೇಟರಿಗೆ ಕೆಂಪು ದೀಪ.

ಖರ್ಚು: ಸೆಲ್, ಇಂಡಿಕೇಟರ್, ಅಂಕಿ ಕಳುಹಿಸುವ ರೇಡಿಯೋ, ಬ್ಯಾಟರಿ, ಕಬ್ಬಿಣದ ಕೆಲಸ ಸೇರಿ ಒಂದು ವ್ಯಾಗನ್ನಿಗೆ ಎರಡೂಕಾಲು ಲಕ್ಷದ ಹತ್ತಿರ. ಎಂಟಕ್ಕೆ ಹದಿನೆಂಟು ಲಕ್ಷ, ಮೇಲೆ ಹಾಳಾದ ಪ್ರಯೋಗಗಳದ್ದು ಮೂರೋ ನಾಲ್ಕೋ ಲಕ್ಷ. ವೇಬ್ರಿಡ್ಜಿಗಿಂತ ಕಡಿಮೆಯೇ. ಮೊದಲು ನಲವತ್ತು ಟನ್ ತುಂಬುತ್ತಿದ್ದಲ್ಲಿ ಈಗ ನಲವತ್ತೈದಕ್ಕೆ ನಿಲ್ಲಿಸುತ್ತಾರೆ. ಒಂಬತ್ತು ಟ್ರಿಪ್ಪಿನ ಕೆಲಸ ಎಂಟರಲ್ಲಿ ಮುಗಿಯುತ್ತದೆ, ಎಂಜಿನ್ನಿನ ಡೀಸೆಲ್ ಅಷ್ಟು ಉಳಿಯಿತು. ಅಂಕಿ ಯಾವಾಗ ನಿಂತಿತು ಎಂದು ಇಂಡಿಕೇಟರ್ ತೀರ್ಮಾನಿಸುವ ಕ್ರಮ ನನ್ನದೇ. ಅದನ್ನು ಕೇಳಿಕೊಂಡು ಬಂದವರಿಗೆ ಚಹಾ ಕೊಟ್ಟು ಕಳುಹಿಸಿದ್ದೇನೆ.

ಈಗ ಕೋಕಿನ (ಫರ್ನೇಸಿಗೆ ಹಾಕುವ, ಕಲ್ಲಿದ್ದಲಿನಿಂದ ಮಾಡಿದ ಇಂಧನ) ವ್ಯಾಗನ್‌ಗಳಿಗೂ ಹಾಕಿಕೊಡಿ ಎನ್ನುತ್ತಿದ್ದಾರೆ. ಒಂದಕ್ಕೆ ಹಾಕಿದ್ದೇನೆ, ತೂಕ ಸರಿಯಾಗಿಯೇ ಬರುತ್ತದೆ. ಆದರೆ ಕೋಕ್ ನೀರು ಕುಡಿಯುತ್ತದೆ. ಒಂದೇ ವ್ಯಾಗನ್, ಒಂದೇ ಎತ್ತರಕ್ಕೆ ತುಂಬಿದರೂ ಮಳೆ ಬಂದ ದಿನ ಟನ್‌ಗಟ್ಟಲೆ ಹೆಚ್ಚು ತೋರಿಸುತ್ತದೆ. ನೀರಿನ ತೂಕ ಕಳೆದು ಹೇಳಿ ಎಂದು ಫರ್ನೇಸಿನವರು, ಅದು ಲ್ಯಾಬಿನ ಕೆಲಸ ಎಂದು ನಾನು. ಜಗಳ ಇನ್ನೂ ನಡೆಯುತ್ತಿದೆ.