ಒಬ್ಬ ಮಗನೋ, ಒಬ್ಬನೇ ಮಗನೋ? ‘ಎ’ ಮತ್ತು ‘ದಿ’ ಜೊತೆ ನನ್ನ ಅನುಭವ

ಧಾರವಾಡದ ಒಬ್ಬ ವಕೀಲರ ಹತ್ತಿರ ನಾನು ಕಾಗದಪತ್ರಗಳ ಅನುವಾದ ಮಾಡುತ್ತೇನೆ. ಉತಾರ (ಪಹಣಿ), ಖರೀದಿ ಪತ್ರ, ವಾಟಣಿ ಪತ್ರ (ಆಸ್ತಿ ಪಾಲು ಮಾಡಿದ ಪತ್ರ), ವಂಶಾವಳಿ, ಪಂಚನಾಮೆ ಇಂಥವು. ಕಕ್ಷಿದಾರರು ತರುವ ಕಾಗದಗಳು ಬಹಳಷ್ಟು ಕನ್ನಡದಲ್ಲೇ ಇರುತ್ತವೆ. ಹೈಕೋರ್ಟಿನ ಮುಂದೆ ಇಡಬೇಕೆಂದರೆ ಜೊತೆಗೆ ಇಂಗ್ಲಿಷ್ ಅನುವಾದ ಬೇಕು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಧಾರವಾಡಕ್ಕೆ ಬಂತು. 2013ರಲ್ಲಿ ಅದು ಕಾಯಂ ಆಯಿತು. ಮೊದಲು ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಕಾಗದದ ಕಟ್ಟುಗಳು ಈಗ ನಮ್ಮ ಟೇಬಲ್ಲಿನ ಮೇಲೇ ಬಿಚ್ಚಿಕೊಳ್ಳುತ್ತವೆ.

ನನ್ನದು ರೋಣ ತಾಲೂಕಿನ ಹಳ್ಳಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ವ್ಯಾಕರಣ ಬಾಯಿಪಾಠ ಇತ್ತು. ನಾಮಪದದ ಹಿಂದೆ ಬರುವ ಆರ್ಟಿಕಲ್ ಎಂಬ ಪುಟ್ಟ ಪದಗಳ ನಿಯಮವೂ ಹಾಗೇ. ಸ್ವರದ ಮುಂದೆ ‘ಆ್ಯನ್’, ಮೊದಲ ಸಲ ಹೇಳುವಾಗ ‘ಎ’, ಎರಡನೇ ಸಲಕ್ಕೆ ‘ದಿ’, ಸೂರ್ಯ ಚಂದ್ರರಿಗೆ ‘ದಿ’. ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬಲು ಇಷ್ಟು ಸಾಕಾಗಿತ್ತು. ಕೆಲಸಕ್ಕೆ ಸಾಕಾಗಲಿಲ್ಲ.

ಅದು ಗೊತ್ತಾಗಿದ್ದು ಒಂದು ವಂಶಾವಳಿಯಿಂದ. ಹೆಸರು ಬದಲಿಸಿ ಹೇಳುತ್ತೇನೆ. ಕಾಗದದಲ್ಲಿ ಹೀಗಿತ್ತು: ‘ಸದರಿ ಅರ್ಜಿದಾರನು ಮೃತ ಬಸಪ್ಪನ ಮಗನಿರುತ್ತಾನೆ.’ ನಾನು ಬರೆದದ್ದು: ‘ದಿ ಅಪ್ಲಿಕಂಟ್ ಈಸ್ ದಿ ಸನ್ ಆಫ್ ಲೇಟ್ ಬಸಪ್ಪ.’ ಸಂಜೆ ನಮ್ಮ ವಕೀಲರು ಫೇರ್ ಕಾಪಿ ಓದುತ್ತಾ ಕುಳಿತಿದ್ದರು. ಪೆನ್ನು ಅಲ್ಲೇ ನಿಂತಿತು.

‘ತಮ್ಮಾ, ಈ ಬಸಪ್ಪಗ ಗಂಡುಮಕ್ಕಳು ಎಷ್ಟು ಮಂದಿ?’

‘ಮೂರು ಮಂದಿ ರೀ ಸರ್.’

‘ಮತ್ತ ನೀ ಒಬ್ಬನ ಅದಾನಂತ ಬರದೀಯಲ್ಲ?’

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಮಾತಿನಲ್ಲಿ ‘ದಿ ಸನ್ ಆಫ್ ಎ ಫಾರ್ಮರ್’ ಅಂದರೆ ಯಾರೂ ಮಕ್ಕಳನ್ನು ಎಣಿಸುವುದಿಲ್ಲ. ಆದರೆ ವಾರಸುದಾರರು ಯಾರು ಅನ್ನುವುದೇ ತಕರಾರು ಆಗಿರುವ ಕಾಗದದಲ್ಲಿ ‘ದಿ ಸನ್’ ಅಂದರೆ, ಇರುವವನು ಇವನೊಬ್ಬನೇ ಎಂದು ಓದಲು ಜಾಗ ಸಿಗುತ್ತದೆ. ಎದುರಿನವರು ಅದನ್ನೇ ಹಿಡಿದುಕೊಳ್ಳಬಹುದು. ‘ಎ ಸನ್’ ಅಂತ ಬರೆದಿದ್ದರೆ ಇವನೂ ಒಬ್ಬ ಮಗ ಅಂತಾಗುತ್ತಿತ್ತು, ಅಷ್ಟೇ. ಜೊತೆಗೆ ‘ಲೇಟ್’ ಹಿಂದೆ ಒಂದು ‘ದಿ’ ಬೇಕಿತ್ತು, ‘ದಿ ಲೇಟ್ ಬಸಪ್ಪ’. ಬೇಕಾದ ಕಡೆ ಬಿಟ್ಟಿದ್ದೆ, ಬೇಡದ ಕಡೆ ಹಾಕಿದ್ದೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮೂರು ಅಕ್ಷರದ ಒಂದು ಪದದಿಂದ ಇಬ್ಬರು ಅಣ್ಣತಮ್ಮಂದಿರ ಪಾಲಿನ ಮೇಲೆ ಅನುಮಾನ ಬರಬಹುದಿತ್ತು. ನಿಯಮ ಗೊತ್ತಿದ್ದೂ ಯಾಕೆ ತಪ್ಪಿದೆ ಎಂದು ಯೋಚಿಸಿದೆ. ನಾನು ನಿಯಮವನ್ನು ಇಂಗ್ಲಿಷ್ ವಾಕ್ಯದ ಮೇಲೆ ಹಚ್ಚುತ್ತಿದ್ದೆ. ಆದರೆ ವಾಕ್ಯ ಹುಟ್ಟುತ್ತಿದ್ದದ್ದು ಕನ್ನಡದಲ್ಲಿ. ಕನ್ನಡದಲ್ಲಿ ‘ಎ’ ಇಲ್ಲ, ‘ದಿ’ ಇಲ್ಲ, ಹಾಗಾಗಿ ಅಂದಾಜಿನ ಮೇಲೆ ಹಾಕಬೇಕು ಎಂದೇ ನಂಬಿದ್ದೆ.

ಆ ನಂಬಿಕೆ ತಪ್ಪು. ಅದನ್ನು ನನಗೆ ತೋರಿಸಿದ್ದು ನವಲಗುಂದ ಕಡೆಯ ಒಂದು ಎರಿ ಹೊಲದ ಪಂಚನಾಮೆ. ಅದರಲ್ಲಿ ಎರಡು ವಾಕ್ಯ ಒಂದರ ಹಿಂದೆ ಒಂದು ಇದ್ದವು. ‘ಸದರಿ ಹೊಲದಲ್ಲಿ ಬಾವಿ ಇದೆ. ಬಾವಿ ಪೂರ್ವದ ಬದುವಿನ ಹತ್ತಿರ ಇದೆ.’ ಎರಡರಲ್ಲೂ ಅದೇ ‘ಬಾವಿ’. ಹಿಂದೆ ‘ಒಂದು’ ಇಲ್ಲ, ‘ಆ’ ಇಲ್ಲ. ಆದರೂ ಓದಿದಾಗ ಎರಡು ಬಾವಿಯೂ ಒಂದೇ ಥರ ಕೇಳುವುದಿಲ್ಲ, ಅಲ್ವಾ? ಮೊದಲನೆಯದು ಹೊಸದಾಗಿ ಕಣ್ಣಿಗೆ ಬಿದ್ದ ಬಾವಿ. ಎರಡನೆಯದು ಗುರುತಾದ ಬಾವಿ. ‘ದೇರ್ ಈಸ್ ಎ ವೆಲ್ ಇನ್ ದಿ ಫೀಲ್ಡ್. ದಿ ವೆಲ್ ಈಸ್ ನಿಯರ್ ದಿ ಈಸ್ಟರ್ನ್ ಬಂಡ್.’

ಕನ್ನಡ ಇದನ್ನು ಪದ ಇಡುವ ಜಾಗದಲ್ಲೇ ಹೇಳಿಬಿಡುತ್ತದೆ. ‘ಹೊಲದಲ್ಲಿ ಬಾವಿ ಇದೆ’ ಅಂದರೆ ‘ಎ’. ‘ಬಾವಿ ಹೊಲದಲ್ಲಿದೆ’ ಅಂದರೆ ‘ದಿ’. ‘ಅಂಗಳದಲ್ಲಿ ನಾಯಿ ಇದೆ’ ಎಂದರೆ ಯಾವುದೋ ನಾಯಿ ಬಂದಿದೆ. ‘ನಾಯಿ ಅಂಗಳದಲ್ಲಿದೆ’ ಎಂದರೆ ನಮ್ಮ ಮನೆಯ ನಾಯಿ, ಹುಡುಕಬೇಡಿ ಎಂದರ್ಥ. ಇದನ್ನು ಯಾರೂ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿಲ್ಲ. ಹಾಲು ಕುಡಿಯುವ ವಯಸ್ಸಿನಿಂದ ಕೇಳಿಕೊಂಡೇ ಬಂದಿದ್ದೇವೆ.

ಅಲ್ಲಿಂದ ಹುಡುಕುವುದೇ ಚಟವಾಯಿತು. ಮುಂದಿನದು ‘ಅನ್ನು’ ಪ್ರತ್ಯಯದಲ್ಲಿ ಸಿಕ್ಕಿತು. ‘ಅವನು ಹೊಲ ಮಾರಿದ’ ಎಂದು ಹೇಳಿ ನೋಡಿ. ಆಮೇಲೆ ‘ಅವನು ಹೊಲವನ್ನು ಮಾರಿದ’ ಎಂದು ಹೇಳಿ ನೋಡಿ. ಮೊದಲನೆಯದರಲ್ಲಿ ಮಾರಿದ ಕೆಲಸ ಮುಖ್ಯ, ಯಾವ ಹೊಲ ಎಂಬುದು ಅಲ್ಲ. ಎರಡನೆಯದರಲ್ಲಿ ಮಾತಾಡುವವರ ಮನಸ್ಸಿನಲ್ಲಿ ಒಂದು ಹೊಲ ಇದೆ, ಅದೇ ಹೊಲ. ಹಾಗೆಯೇ ‘ಪುಸ್ತಕ ಓದಿದೆ’ ಮತ್ತು ‘ಪುಸ್ತಕವನ್ನು ಓದಿದೆ’. ಇದನ್ನು ಪೂರ್ತಿ ನಂಬಬಾರದು. ಮನುಷ್ಯರ ಮಾತು ಬಂದರೆ ‘ಅನ್ನು’ ಹೇಗೂ ಬರುತ್ತದೆ, ‘ಒಬ್ಬ ಹುಡುಗನನ್ನು ನೋಡಿದೆ’ ಎನ್ನುತ್ತೇವೆ. ‘ಬಾಗಿಲು ಹಾಕು’ ಎಂದಾಗ ಪ್ರತ್ಯಯ ಇಲ್ಲದಿದ್ದರೂ ಎದುರಿಗಿರುವ ಅದೇ ಬಾಗಿಲು. ಸರ್ಕಾರಿ ಕನ್ನಡದಲ್ಲಂತೂ ಎಲ್ಲದಕ್ಕೂ ‘ಅನ್ನು’ ಹಚ್ಚಿಬಿಡುತ್ತಾರೆ. ಆದರೂ ಸುಳಿವು ಸುಳಿವೇ. ಆಮೇಲೆ ತಿಳಿದದ್ದು, ‘ಆ್ಯನ್’ ಹುಟ್ಟಿದ್ದು ಹಳೆಯ ಇಂಗ್ಲಿಷಿನ ‘ಒಂದು’ ಎಂಬ ಪದದಿಂದಲೇ. ವ್ಯಂಜನದ ಮುಂದೆ ‘ನ್’ ಸವೆದು ಹೋಗಿ ‘ಎ’ ಉಳಿಯಿತು. ‘ದಿ’ ಮತ್ತು ‘ದ್ಯಾಟ್’ ಒಂದೇ ಮನೆತನದವು. ನಮ್ಮ ‘ಒಂದು’, ನಮ್ಮ ‘ಆ’ ಮಾಡುವ ಕೆಲಸವೇ ಇವುಗಳದ್ದೂ ಎಂದು ಗೊತ್ತಾದ ಮೇಲೆ ಹೆದರಿಕೆ ಹೋಯಿತು.

ಈಗ ನಾನು ಮಾಡುವುದು ಹೀಗೆ. ಕಚ್ಚಾ ಕಾಪಿಯಲ್ಲಿ ಪ್ರತಿ ನಾಮಪದಕ್ಕೂ ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತೇನೆ. ಓದುವವರು ಅಲ್ಲಿ ನಿಂತು ‘ಯಾವುದು?’ ಎಂದು ಕೇಳುತ್ತಾರಾ? ಕೇಳುವಂತಿದ್ದರೆ, ಕೇಳಿದರೂ ಅಡ್ಡಿಯಿಲ್ಲದಿದ್ದರೆ, ‘ಎ’. ಅವರಿಗೆ ಆಗಲೇ ಗೊತ್ತಿದ್ದರೆ ‘ದಿ’. ಬರೆಯುವ ನನಗೆ ಗೊತ್ತಿದೆಯಾ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ನನ್ನ ತಪ್ಪುಗಳಲ್ಲಿ ಜಾಸ್ತಿ ಇಲ್ಲೇ ಆಗುತ್ತಿದ್ದವು. ಕಟ್ಟು ಇಡೀ ಓದಿದ ನನಗೆ ಎಲ್ಲವೂ ಪರಿಚಯ. ಮೊದಲ ಸಲ ಓದುವ ನ್ಯಾಯಾಧೀಶರಿಗೆ ಯಾವುದೂ ಪರಿಚಯವಿಲ್ಲ.

ಇನ್ನೊಂದು ಅಭ್ಯಾಸ ಸುಮಾರು ಆರು ತಿಂಗಳು ಬಿಡದೆ ಮಾಡಿದೆ. ಹೈಕೋರ್ಟಿನ ತೀರ್ಪುಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ದಿನಕ್ಕೆ ಎರಡು ಪುಟ ತೆಗೆದು, ‘ಎ’, ‘ಆ್ಯನ್’, ‘ದಿ’ ಎಲ್ಲ ಅಳಿಸಿ ಪ್ರಿಂಟ್ ಹಾಕುತ್ತಿದ್ದೆ. ಮರುದಿನ ಸಂಜೆ ತುಂಬಿಸಿ ಮೂಲದ ಜೊತೆ ಹೋಲಿಸುತ್ತಿದ್ದೆ. ಅದರಿಂದ ಒಂದು ವಿಷಯ ಕಣ್ಣಿಗೆ ಕಟ್ಟಿತು. ಮುಂದೆ ‘ಆಫ್’ ಬಂದು ಯಾವುದು ಎಂದು ಬಿಗಿ ಮಾಡಿದಾಗ ನಾನು ‘ದಿ’ ಮರೆಯುತ್ತಿದ್ದೆ. ‘ದಿ ಡೇಟ್ ಆಫ್ ರಿಜಿಸ್ಟ್ರೇಷನ್’, ‘ದಿ ಬೌಂಡರಿ ಆಫ್ ದಿ ಫೀಲ್ಡ್’. ಹಾಗಂತ ‘ಆಫ್’ ಕಂಡಲ್ಲೆಲ್ಲ ‘ದಿ’ ಅಲ್ಲ. ಪ್ರತಿ ಎಷ್ಟು ಬೇಕಾದರೂ ಇರಬಹುದು, ಪತ್ರ ಒಂದೇ. ಅದಕ್ಕೆ ‘ಎ ಕಾಪಿ ಆಫ್ ದಿ ಡೀಡ್’.

ಚಕ್ಕುಬಂದಿಯಲ್ಲೂ, ಅಂದರೆ ಹೊಲದ ನಾಲ್ಕೂ ದಿಕ್ಕಿನ ಗಡಿ ಹೇಳುವ ಭಾಗದಲ್ಲೂ, ಇದೇ ಪಾಠ. ‘ಉತ್ತರಕ್ಕೆ ಇದೇ ಸರ್ವೆ ನಂಬರಿನ ಉಳಿದ ಹೊಲ’ ಎಂದಿದ್ದರೆ ‘ದಿ ರಿಮೇನಿಂಗ್ ಲ್ಯಾಂಡ್ ಇನ್ ದಿ ಸೇಮ್ ಸರ್ವೆ ನಂಬರ್’. ಉಳಿದದ್ದು ಯಾವುದು, ಅದೇ ಯಾವುದು ಎಂದು ಕೇಳುವ ಪ್ರಶ್ನೆಯೇ ಇಲ್ಲ. ಗದಗ ಮತ್ತು ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕಿಂತ ಹಳೆಯ ಕಾಗದದಲ್ಲಿ ಆ ಊರುಗಳೆಲ್ಲ ಧಾರವಾಡ ಜಿಲ್ಲೆಯವು. ಅಲ್ಲಿ ‘ದಿ ದೆನ್ ಧಾರವಾಡ ಡಿಸ್ಟ್ರಿಕ್ಟ್’ ಎಂದು ಟಿಪ್ಪಣಿ ಬರೆಯುತ್ತೇನೆ. ಊರಿಗೆ ‘ದಿ’ ಬೇಡ, ಉಣಕಲ್ ಕೆರೆಗೂ ಬೇಡ. ನದಿಗೆ ಬೇಕು, ‘ದಿ ಮಲಪ್ರಭಾ’, ‘ದಿ ವರದಾ’. ಕರ್ನಾಟಕ ವಿಶ್ವವಿದ್ಯಾಲಯ ‘ಕರ್ನಾಟಕ್ ಯೂನಿವರ್ಸಿಟಿ’, ಮೈಸೂರಿನದು ‘ದಿ ಯೂನಿವರ್ಸಿಟಿ ಆಫ್ ಮೈಸೂರ್’. ಮತ್ತೆ ಅದೇ ‘ಆಫ್’.

ನಮ್ಮ ಕಡೆಯ ಕಾಗದಗಳಲ್ಲಿ ನಾನು ಅತಿ ಹೆಚ್ಚು ತಿದ್ದಿದ ತಪ್ಪು ‘ಎ ಲ್ಯಾಂಡ್’. ಕನ್ನಡದಲ್ಲಿ ಒಂದು ಹೊಲ, ಎರಡು ಹೊಲ ಎಂದು ಎಣಿಸುತ್ತೇವೆ. ಇಂಗ್ಲಿಷಿನಲ್ಲಿ ಭೂಮಿ ಎಂಬ ಅರ್ಥದ ‘ಲ್ಯಾಂಡ್’ ನೀರಿನ ಹಾಗೆ, ಮಣ್ಣಿನ ಹಾಗೆ. ಅದನ್ನು ಅಳೆಯಬೇಕು, ಎಣಿಸಬಾರದು. ‘ಹಿ ಓನ್ಸ್ ಲ್ಯಾಂಡ್’ ಎನ್ನಿ, ಇಲ್ಲವೇ ‘ಎ ಪೀಸ್ ಆಫ್ ಲ್ಯಾಂಡ್’, ‘ಎ ಪ್ಲಾಟ್’ ಎನ್ನಿ. ‘ಆ್ಯನ್ ಎವಿಡೆನ್ಸ್’, ‘ಆ್ಯನ್ ಅಡ್ವೈಸ್’ ಕೂಡ ಇದೇ ಗುಂಪಿನವು. ಇವನ್ನು ಈಗಲೂ ದಿನಾ ನೋಡುತ್ತೇನೆ.

‘ಎ’ ಮತ್ತು ‘ಆ್ಯನ್’ ನಡುವೆ ಕಿವಿ ಹೇಳಿದಂತೆ ನಡೆದರೆ ಸಾಕು. ‘ಆ್ಯನ್ ಏಕರ್’, ಆದರೆ ‘ಎ ಒನ್ ಏಕರ್ ಪ್ಲಾಟ್’. ಬಾಯಲ್ಲಿ ಬರುವುದು ‘ವ’ ಸದ್ದು. ‘ಆ್ಯನ್ ಹೇರ್’ ಅಂತ ಕಣ್ಣು ಓದುತ್ತದೆ, ಬಾಯಿಗೆ ಅದು ‘ಏರ್’, ವಾರಸುದಾರ. ಅಂಕಿಯಲ್ಲಿ ಬರೆದಿದ್ದರೆ ಜಾಸ್ತಿ ಎಚ್ಚರ ಬೇಕು. 8 ಗುಂಟೆಗೆ ‘ಆ್ಯನ್’, 10 ಗುಂಟೆಗೆ ‘ಎ’, 11ಕ್ಕೂ 18ಕ್ಕೂ ಮತ್ತೆ ‘ಆ್ಯನ್’. ‘ಆರ್‌ಟಿಸಿ’ ಮತ್ತು ‘ಎಫ್‌ಐಆರ್’ ಸ್ವರದಿಂದ ಶುರುವಾಗುತ್ತವೆ, ‘ಪಿಡಿಒ’ ಅಲ್ಲ.

ಜೈಲಿನ ಮಾತೂ ಹೇಳಬೇಕು. ‘ಹಿ ವೆಂಟ್ ಟು ಜೈಲ್’ ಎಂದರೆ ಅವನಿಗೆ ಜೈಲಾಯಿತು. ‘ಹಿ ವೆಂಟ್ ಟು ದಿ ಜೈಲ್’ ಎಂದರೆ ಆ ಕಟ್ಟಡಕ್ಕೆ ಹೋದ, ತಮ್ಮನನ್ನು ನೋಡಿ ಬರಲು ಹೋಗಿರಬಹುದು. ಒಬ್ಬ ತಂದೆಯ ಹೇಳಿಕೆ ಅನುವಾದಿಸುವಾಗ ಈ ಫರಕು ಗೊತ್ತಿರಬೇಕು. ಅವರ ಮರ್ಯಾದೆಯ ಪ್ರಶ್ನೆ.

ಇಷ್ಟೆಲ್ಲ ಕಲಿತ ಮೇಲೂ ಒಂದು ಕಡೆ ಕನ್ನಡ ವಾಕ್ಯ ನನಗೆ ಉತ್ತರ ಕೊಡುವುದಿಲ್ಲ. ‘ಬಸಪ್ಪನ ಮಗ’ ಎಂಬುದು ಅಂಥದ್ದು. ಒಬ್ಬನೇ ಇರಬಹುದು, ಐದು ಜನ ಇರಬಹುದು. ಕನ್ನಡ ಅದನ್ನು ಹೇಳದೆ ಮುಂದೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಬರೆಯಬೇಕೆಂದರೆ ಏನಾದರೂ ಒಂದು ಆರಿಸಲೇಬೇಕು. ಹಳೆಯ ಗುಮಾಸ್ತರು ಹೆಸರಿನ ಮುಂದೆ ಬರೀ ‘ಸನ್ ಆಫ್’ ಎಂದು ಹಾಕುತ್ತಿದ್ದರು. ಅಲ್ಲಿ ಆರ್ಟಿಕಲ್ ಬೇಕಿಲ್ಲ. ಆ ಜಾಣತನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಎಲ್ಲ ವಾಕ್ಯದಲ್ಲೂ ಅದು ನಡೆಯುವುದಿಲ್ಲ. ಆಗ ನಾನು ಆರಿಸುವುದಿಲ್ಲ, ಕಕ್ಷಿದಾರರನ್ನೇ ಕೇಳುತ್ತೇನೆ.

ಹೋದ ವಾರ ಶಿರಹಟ್ಟಿ ಕಡೆಯ ಒಂದು ವಾಟಣಿ ಪತ್ರ ಬಂದಿತ್ತು. ‘ಸದರಿಯವನು ಮೃತನ ಮಗನಿರುತ್ತಾನೆ’, ಅದೇ ಮಾತು. ಫೋನ್ ಹಚ್ಚಿದೆ.

‘ಕಾಕಾರ, ನಿಮ್ಮ ಅಪ್ಪಾರಿಗೆ ನೀವು ಒಬ್ಬರ ಮಗಾನ ರೀ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ನನ್ನಕಿಂತ ಸಣ್ಣಾವ ಒಬ್ಬ ಇದ್ದ ರೀ. ಲಗ್ನ ಆಗೋಕಿಂತ ಮೊದಲ ತೀರಿಕೊಂಡ. ಕಾಗದದಾಗ ಅವನ ಹೆಸರ ಯಾರೂ ಬರಸಿಲ್ಲ.’

ಟೈಪ್ ಮಾಡಿದ್ದ ‘ದಿ’ ಅಳಿಸಿ ‘ಎ’ ಹಾಕಿದೆ. ತಮ್ಮನ ಹೆಸರು, ತೀರಿಕೊಂಡ ವರ್ಷ ಕೇಳಿ ಬರೆದುಕೊಂಡು, ಆ ಚೀಟಿಯನ್ನು ಕಟ್ಟಿನ ಮೇಲಿಟ್ಟು ವಕೀಲರ ಟೇಬಲ್ಲಿಗೆ ಕಳಿಸಿದೆ.